ಹಾಡು ಎತ್ತುವ ಅತ್ತೆ

ಈ ಊರಿನ ಚರ್ಚಿನಲ್ಲಿ ಆರ್ಗನ್ ಇಲ್ಲ, ಹಾರ್ಮೋನಿಯಂ ಇಲ್ಲ, ಯಾವ ವಾದ್ಯವೂ ಇಲ್ಲ. ಇಡಲು ಜಾಗವಿಲ್ಲವೆಂದಲ್ಲ, ಇಡಬಾರದೆಂದು ಮೊದಲ ತಲೆಮಾರಿನವರೇ ತೀರ್ಮಾನಿಸಿದ್ದರು. ಚರ್ಚನ್ನು ಕಟ್ಟಿದವರು ಪಕ್ಕದ ನೇಯ್ಗೆ ಮಿಲ್ಲಿನ ಕೆಲಸಗಾರರು. ವಾರದ ಆರು ದಿನ ಮಗ್ಗಗಳ ಗದ್ದಲದಲ್ಲಿ ದುಡಿಯುವವರಿಗೆ ಏಳನೆಯ ದಿನವಾದರೂ ಬರೀ ಮನುಷ್ಯರ ಗಂಟಲು ಕೇಳಿಸಲಿ ಎಂಬುದು ಅವರ ವಾದವಾಗಿತ್ತೆಂದು ಇಲ್ಲಿನ ಎಲ್ಲ ಮನೆಗಳಲ್ಲೂ ಹೇಳುತ್ತಾರೆ. ಕಟ್ಟಡ ಈಗಲೂ ಗಟ್ಟಿಯಾಗಿದೆ: ಒರಟು ಕಲ್ಲಿನ ಗೋಡೆ, ಮರದ ಚಾವಣಿ, ನಡುವೆ ಓಣಿ ಬಿಟ್ಟು ಎರಡು ಬದಿಗೂ ಬೆಂಚುಗಳು. ಯಾವ ಬೆಂಚು ಯಾವ ಮನೆಯವರದು ಎಂದು ಎಲ್ಲಿಯೂ ಬರೆದಿಲ್ಲ, ಆದರೆ ಯಾರೂ ತಪ್ಪಿ ಕೂರುವುದಿಲ್ಲ. ಕೊನೆಯ ಬೆಂಚು ಮಾತ್ರ ಕೈಕೂಸುಗಳ ತಾಯಂದಿರದು. ಮಗು ಅತ್ತರೆ ಎದ್ದು ಹೊರಗೆ ಹೋಗಲು ಅನುಕೂಲವೆಂದು ಅದನ್ನು ಬಾಗಿಲ ಬಳಿ ಹಾಕಿದ್ದಾರೆ. ನಿಂತು ಬೋಧನೆ ಮಾಡುವ ಪ್ರಸಂಗಪೀಠದ ಪಕ್ಕದ ಗೋಡೆಗೆ ಒಂದು ಹಲಗೆ. ಅಂದಿನ ಹಾಡುಗಳ ಸಂಖ್ಯೆಯನ್ನು ಅದರ ಮೇಲೆ ತಗಡಿನ ಅಂಕಿಗಳಲ್ಲಿ ತೂಗುಹಾಕುತ್ತಾರೆ.

ವಾದ್ಯವಿಲ್ಲದ ಕಡೆ ಹಾಡನ್ನು ಯಾರಾದರೊಬ್ಬರು ಆರಂಭಿಸಲೇಬೇಕು. ಇದಕ್ಕೆ ಇಲ್ಲಿನವರು ‘ಹಾಡು ಎತ್ತುವುದು’ ಎನ್ನುತ್ತಾರೆ. ಎತ್ತುವವರ ಜಾಗ ಮೊದಲ ಬೆಂಚಿನ ಓಣಿಯ ತುದಿ. ಅವರು ಎದ್ದು, ಎಲ್ಲರಂತೆ ಪ್ರಸಂಗಪೀಠಕ್ಕೆ ಮುಖಮಾಡಿ, ಮೊದಲ ಸಾಲನ್ನು ಒಬ್ಬರೇ ಹಾಡುತ್ತಾರೆ; ಎರಡನೆಯ ಸಾಲಿನಿಂದ ಸಭೆ ಸೇರಿಕೊಳ್ಳುತ್ತದೆ. ಇದಕ್ಕೊಂದು ಕಟ್ಟುನಿಟ್ಟಿನ ನಿಯಮವಿದೆ. ಎತ್ತಿದ ಹಾಡನ್ನು ನಡುವೆ ಬಿಡುವಂತಿಲ್ಲ. ಬಹಳ ಹಿಂದೆ ಯಾರೋ ತಪ್ಪು ಹಾಡು ಎತ್ತಿದರಂತೆ, ಇನ್ಯಾರೋ ಹಿರಿಯರು ಕೈಯೆತ್ತಿ ನಿಲ್ಲಿಸಿದರಂತೆ. ಆ ಅವಮಾನದಿಂದ ಎರಡು ಮನೆತನಗಳು ಮಾತುಬಿಟ್ಟು, ಅವರ ಮಕ್ಕಳ ಕಾಲದಲ್ಲಿ ಮದುವೆಯ ಸಂಬಂಧವಾದ ಮೇಲಷ್ಟೇ ರಾಜಿಯಾದವು. ಆಗ ಬಂದ ನಿಯಮ ಇದು. ಎತ್ತಿದವರು ಏನನ್ನೇ ಎತ್ತಲಿ, ಸಭೆ ಕೊನೆಯ ಚರಣದವರೆಗೂ ಹಾಡಿ ಮುಗಿಸಬೇಕು.

ಮೂರು ದಶಕಗಳಿಗೂ ಮೀರಿ ಆ ತುದಿಯಲ್ಲಿ ಕೂತವರು ಒಬ್ಬ ಹೆಂಗಸು. ಊರಿಗೆಲ್ಲ ಅವರು ಅತ್ತೆ. ಸಂಬಂಧದಲ್ಲಿ ಅತ್ತೆಯಾಗದವರೂ ಹಾಗೆಯೇ ಕರೆಯುತ್ತಾರೆ. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರಾದ, ಚರ್ಚಿನ ಗಂಟೆ ಹೊಡೆಯುವ ಗಂಟೆಯಣ್ಣ ಕೂಡ.

ಅತ್ತೆ ಮಿಲ್ಲಿಗೆ ಸೇರಿದ್ದು ಶಾಲೆ ಬಿಟ್ಟ ವರ್ಷ. ಅವರ ತಂದೆ ಅದೇ ಮಗ್ಗದ ಮನೆಯಲ್ಲಿ ಎಣ್ಣೆ ಹಾಕುವ ಕೆಲಸದಲ್ಲಿದ್ದರು, ಚರ್ಚಿನಲ್ಲಿ ಹಾಡು ಎತ್ತುತ್ತಿದ್ದರು. ಮಗ್ಗದ ಮನೆಯೊಳಗೆ ಪಕ್ಕದಲ್ಲಿದ್ದವರು ಕೂಗಿದರೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಅಲ್ಲಿನವರೆಲ್ಲ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಿದ್ದರು. ಆ ರೂಢಿ ಊರಿಗೂ ಹರಡಿತು. ಇಲ್ಲಿ ಯಾರೂ ಮುಖ ತಿರುಗಿಸಿಕೊಂಡು ಮಾತಾಡುವುದಿಲ್ಲ. ಎದುರಿಗೆ ನಿಂತು, ತುಟಿ ಬಿಡಿಸಿ ಮಾತಾಡುತ್ತಾರೆ. ಗುಟ್ಟು ಹೇಳಬೇಕಾದರೆ ದನಿ ತಗ್ಗಿಸಿದರೆ ಸಾಲದು, ಬಾಯಿಗೆ ಕೈ ಅಡ್ಡ ಹಿಡಿಯಬೇಕು.

ತಂದೆ ಮಗಳಿಗೆ ಹಾಡು ಕಲಿಸಿದ್ದು ಚರ್ಚಿನಲ್ಲಲ್ಲ, ಓಡುವ ಮಗ್ಗದ ಮುಂದೆ. ಲಾಳಿ ಬಡಿಯುವ ಸದ್ದಿನಲ್ಲಿ ಅವಳಿಗೆ ತನ್ನ ದನಿಯೇ ಕೇಳಿಸುತ್ತಿರಲಿಲ್ಲ. ತಂದೆಗೆ ಬೇಕಿದ್ದದ್ದೂ ಅದೇ.

“ಕಿವಿ ನಂಬ್ಕೊಂಡು ಎತ್ತೋರಿಗೆ ಪಕ್ಕದಲ್ಲಿ ಯಾರಾದ್ರೂ ಕೆಮ್ಮಿದ್ರೂ ಶ್ರುತಿ ಹೋಗುತ್ತೆ ಅನ್ನೋರು ಅಪ್ಪ,” ಎಂದು ಅತ್ತೆ ನೆನೆಯುತ್ತಾರೆ. “ಗಂಟಲು ನಂಬು, ಎದೆ ನಂಬು. ಎಲ್ಲಿ ನಡುಗುತ್ತೋ ಅಲ್ಲೇ ಇದೆ ನಿನ್ನ ಸ್ವರ. ಹಾಗೆ ಕಲ್ತದ್ದು ನಾನು. ಮುಂದೆ ಅದೇ ನನ್ನ ಕಾಪಾಡ್ತು, ಅದೇ ನನ್ನ ಕೆಡಿಸ್ತು.”

ಮದುವೆಯಾಯಿತು, ಒಬ್ಬ ಮಗ ಹುಟ್ಟಿದ. ತಂದೆ ತೀರಿಕೊಂಡ ಮೇಲೆ ಬೆಂಚಿನ ತುದಿ ಅವರ ಪಾಲಿಗೆ ಬಂತು. ಹೆಂಗಸು ಎತ್ತುವುದೇ ಎಂದು ಒಂದಿಬ್ಬರು ಗೊಣಗಿದರು. ಮೊದಲ ಭಾನುವಾರದ ನಂತರ ಸುಮ್ಮನಾದರು. ಕೆಲವು ವರ್ಷಗಳ ಹಿಂದೆ ಗಂಡ ಹೋದರು, ಅದರ ಬೆನ್ನಿಗೆ ಮಿಲ್ಲು ಮುಚ್ಚಿತು. ಮಗ ಮತ್ತು ಸೊಸೆ ಮನೆಯ ಮುಂಭಾಗದಲ್ಲಿ ಬೇಕರಿ ಇಟ್ಟರು. ಅಡಿಗೆಮನೆ ಸೊಸೆಯ ಕೈಗೆ ಹೋಯಿತು, ಅಂಗಡಿ ಮಗನದಾಯಿತು. ಅತ್ತೆಗೆ ಉಳಿದದ್ದು ಬ್ರೆಡ್ಡಿಗೆ ಕಾಗದ ಸುತ್ತುವ ಕೆಲಸ ಮತ್ತು ಭಾನುವಾರದ ಬೆಳಗು.

ಕಿವಿ ಹೋದದ್ದು ಮಿಲ್ಲು ಮುಚ್ಚಿದ ಮೇಲೆ. ಊರಿನ ಹಳೆಯ ನೇಕಾರರಲ್ಲಿ ಹಲವರಿಗೆ ಕಿವಿ ಮಂದ. ಅದನ್ನು ಇಲ್ಲಿ ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ. ಆದರೆ ಅತ್ತೆಯದು ಮಂದವಲ್ಲ. ಮೊದಲು ಹಕ್ಕಿಗಳ ಸದ್ದು ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಕೊನೆಗೆ ಚರ್ಚಿನ ಗಂಟೆಯೂ. ಅವರು ಯಾರಿಗೂ ಹೇಳಲಿಲ್ಲ. ಕಿವಿ ಕೇಳದವರನ್ನು ಆ ತುದಿಯಲ್ಲಿ ಕೂರಿಸುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ತುಟಿ ಓದುವ ಊರಿನಲ್ಲಿ ಮುಚ್ಚಿಡುವುದು ಕಷ್ಟವೂ ಆಗಲಿಲ್ಲ. ಆರಾಧನೆ ನಡೆಸುವ ಸಭಾಪಾಲಕರು ಯಾರೇ ಇದ್ದರೂ ತಲೆ ತಗ್ಗಿಸಿ ಪುಸ್ತಕ ನೋಡುತ್ತಾ ಸಂಖ್ಯೆ ಹೇಳುವುದರಿಂದ ಅವರ ತುಟಿ ಕಾಣುತ್ತಿರಲಿಲ್ಲ. ಹಲಗೆಯ ಮೇಲಿನ ಅಂಕಿ ಕಾಣುತ್ತಿತ್ತು. ಸಭಾಪಾಲಕರು ತಲೆಯೆತ್ತಿದೊಡನೆ ಅತ್ತೆ ಎದ್ದು ಎತ್ತುತ್ತಿದ್ದರು. ಸ್ವರ ಕೂದಲೆಳೆಯಷ್ಟೂ ಜಾರುತ್ತಿರಲಿಲ್ಲ. ಬೆನ್ನ ಹಿಂದೆ ಸಭೆ ಹಾಡುತ್ತಿದೆಯೋ ಇಲ್ಲವೋ ಮಾತ್ರ ಅವರಿಗೆ ತಿಳಿಯುತ್ತಿರಲಿಲ್ಲ. ಬೆಂಚಿನ ಹಲಗೆಗೆ ಅಂಗೈ ಒತ್ತಿ, ಮರದ ನಡುಕದಿಂದ ಊಹಿಸುತ್ತಿದ್ದರು.

ಇದು ಬಯಲಾದದ್ದು ಬಡಗಿಯ ಶವಸಂಸ್ಕಾರದಂದು.

ಆ ಘಟನೆಯನ್ನು, ಊರಿಗೆ ಕೆಲವು ದಿನಗಳ ಮಟ್ಟಿಗೆ ಬಂದಿದ್ದ ನನಗೆ ಹಲವರು ಹೇಳಿದ್ದಾರೆ, ಹೆಚ್ಚು ಕಡಿಮೆ ಒಂದೇ ರೀತಿ. ಬಡಗಿ ಎಲ್ಲರಿಗೂ ಬೇಕಾದ ಮನುಷ್ಯ. ಊರಿನ ಅರ್ಧದಷ್ಟು ಬಾಗಿಲುಗಳನ್ನು ಮಾಡಿದವರು ಅವರೇ. ಅವರು ತೀರಿಕೊಂಡ ದಿನ ಚರ್ಚಿನಲ್ಲಿ ಒಂದು ಮದುವೆ ನಡೆದಿತ್ತು. ಮರುದಿನ ಬೆಳಗಿನಿಂದ ಗಂಟೆಯಣ್ಣನಿಗೆ ಬಿಡುವಿಲ್ಲ. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಗುಂಡಿ ತೋಡಿಸುವುದು, ಹಲಗೆಯ ಅಂಕಿ ಬದಲಿಸುವುದು, ಎಲ್ಲವೂ ಅವರೊಬ್ಬರದೇ. ಗುಂಡಿಯಲ್ಲಿ ಬಂಡೆ ಸಿಕ್ಕಿತು. ಅದನ್ನು ಒಡೆಸಿ ಬರುವಷ್ಟರಲ್ಲಿ ಶವದ ಪೆಟ್ಟಿಗೆ ಚರ್ಚಿನ ಬಾಗಿಲಿಗೆ ಬಂದಿತ್ತು. ಅಂಕಿಗಳು ಹಿಂದಿನ ದಿನದವೇ ಉಳಿದವು.

ಸಭಾಪಾಲಕರು ಊರಿಗೆ ಹೊಸಬರು, ವಯಸ್ಸಿನಲ್ಲಿ ಚಿಕ್ಕವರು. ಅವರು ಸಾವಿನ ಹಾಡಿನ ಸಂಖ್ಯೆ ಹೇಳಿ ತಲೆಯೆತ್ತಿದರು. ಅತ್ತೆ ಹಲಗೆ ನೋಡಿದರು. ಹಾಡುಗಳ ಪುಸ್ತಕದ ಸಂಖ್ಯೆಗಳೆಲ್ಲ ಅವರಿಗೆ ಬಾಯಿಪಾಠ. ಅದು ಮದುವೆಯ ಹಾಡೆಂದು ಅವರಿಗೆ ಗೊತ್ತಾಯಿತು. ಹಾಗಾದರೆ ಏಕೆ ಎತ್ತಿದಿರಿ ಎಂದು ಕೇಳಿದರೆ ಅವರ ಉತ್ತರ ನೇರವಾಗಿದೆ: “ಬಡಗಿಯ ಹೆಂಡ್ತಿ ಇದನ್ನೇ ಹಾಡ್ಸಿ ಅಂತ ಕೇಳಿರ್ಬೇಕು ಅಂದ್ಕೊಂಡೆ. ಅವರಿಬ್ಬರ ಮದುವೇಲಿ ಇದನ್ನೇ ಎತ್ತಿದ್ದು ನಮ್ಮಪ್ಪ. ಯಾರನ್ನಾದ್ರೂ ಕೇಳೋಣ ಅಂದ್ರೆ, ಕೇಳಿದ್ರೆ ಗುಟ್ಟು ಹೊರಬೀಳುತ್ತೆ.”

‘ಹೊಸ ಮನೆಯ ಬಾಗಿಲು ತೆರೆಯಿತು, ಜೊತೆಯಾಗಿ ಒಳಗೆ ಬನ್ನಿರಿ’ ಎಂದು ಅವರು ತುಂಬುಗಂಟಲಿನಲ್ಲಿ ಎತ್ತಿದರು.

ಎರಡನೆಯ ಸಾಲಿಗೆ ಸಭೆ ಸೇರಿಕೊಳ್ಳಬೇಕು. ಒಂದು ಕ್ಷಣ ಯಾರೂ ಸೇರಲಿಲ್ಲ. ಸಭಾಪಾಲಕರು ಮತ್ತೊಮ್ಮೆ ಸಂಖ್ಯೆ ಹೇಳಿದರು, ಗಟ್ಟಿಯಾಗಿ. ಅತ್ತೆಯ ಕಣ್ಣು ಹಲಗೆಯ ಮೇಲೇ ಇತ್ತು, ಮುಂದುವರಿದರು. ಆಗ ಎರಡನೆಯ ಬೆಂಚಿನಲ್ಲಿ, ಪೆಟ್ಟಿಗೆಯ ಪಕ್ಕದಲ್ಲೇ, ಬಡಗಿಯ ಹೆಂಡತಿ ಹಾಡಲಾರಂಭಿಸಿದರು. ಅವರ ಹಿಂದೆ ಇತರರೂ ಸೇರಿದರು. ಹಣ್ಣುಗೂದಲಿನ ಮನುಷ್ಯನ ಪೆಟ್ಟಿಗೆಯ ಮುಂದೆ ಇಡೀ ಊರು ಮದುಮಕ್ಕಳನ್ನು ಹರಸಿ, ಸಂತಾನಭಾಗ್ಯ ಕೋರುವ ಕೊನೆಯ ಚರಣವನ್ನೂ ಬಿಡದೆ ಹಾಡಿ ಮುಗಿಸಿತು.

ಸಭೆ ಅತ್ತಿತೆಂದು ಕೆಲವರು, ಹಿಂದಿನ ಬೆಂಚಿನಲ್ಲಿ ನಗು ತಡೆಯಲಾಗದೆ ಇಬ್ಬರು ಎದ್ದುಹೋದರೆಂದು ಇನ್ನು ಕೆಲವರು ಹೇಳುತ್ತಾರೆ. ಬಡಗಿಯ ಹೆಂಡತಿಯನ್ನು ಕೇಳಿದೆ.

“ನಾನು ಅಳ್ಲೂ ಇಲ್ಲ, ನಗ್ಲೂ ಇಲ್ಲ. ಹಾಡಿದೆ. ಎತ್ತಿದ ಹಾಡನ್ನ ಬಿಡೋದು ಹೇಗೆ? ನಾನು ಬಿಟ್ಟಿದ್ರೆ ಎಲ್ರೂ ಬಿಡ್ತಿದ್ರು. ಆದ್ರೆ ನನ್ನ ಗಂಡನಿಗೆ ಸಲ್ಬೇಕಾದ ಹಾಡು ಸಲ್ಲಲಿಲ್ಲ. ಅದನ್ನ ಗುಂಡಿ ಹತ್ರಾನೇ ಅತ್ತೆಗೆ ಹೇಳಿದೆ, ಮುಖಕ್ಕೆ ಮುಖ ಕೊಟ್ಟು ಹೇಳಿದೆ.”

ಅತ್ತೆ ಆ ತುಟಿಗಳನ್ನು ಓದಿದರು, ಏನಾಯಿತೆಂದು ತಿಳಿಯಿತು. ಅಲ್ಲಿಯೇ, ಮಣ್ಣಿನ ರಾಶಿಯ ಪಕ್ಕದಲ್ಲಿ, ಬಡಗಿಯ ಹೆಂಡತಿಯ ಎರಡೂ ಕೈ ಹಿಡಿದು, “ನಂಗೆ ಕಿವಿ ಕೇಳೋದಿಲ್ಲಮ್ಮ” ಎಂದರು. ಸುತ್ತ ನಿಂತವರೆಲ್ಲ ಅದನ್ನು ಕೇಳಿಸಿಕೊಂಡರು.

ಮುಂದಿನ ವಾರ ಸಭಾಪಾಲಕರ ಮನೆಯ ಮುಂಗೋಣೆಯಲ್ಲಿ ಚರ್ಚಿನ ಆಡಳಿತ ನೋಡುವ ಹಿರಿಯರ ಸಭೆ ಸೇರಿತು. ಉದ್ದನೆಯ ಮೇಜು, ಹೊಂದದ ಕುರ್ಚಿಗಳು, ಕಿಟಕಿಯ ಮೇಲೆ ತೊಳೆದು ಒಣಗಲು ಇಟ್ಟ ಖಾಲಿ ಶಾಯಿ ಬಾಟಲಿಯೊಂದು. ಹಿರಿಯರಲ್ಲಿ ಮುಖ್ಯರು ಅತ್ತೆಯ ಸ್ವಂತ ಅಣ್ಣ, ಮಿಲ್ಲಿನಲ್ಲಿ ಮಗ್ಗದ ಮೇಸ್ತ್ರಿಯಾಗಿದ್ದವರು. ಊರು ಅವರನ್ನು ಈಗಲೂ ಮೇಸ್ತ್ರಿ ಎಂದೇ ಕರೆಯುತ್ತದೆ. ಅತ್ತೆಯ ಜೊತೆಗೆ ಸೊಸೆಯೂ ಬಂದಿದ್ದಳು, ಬೇಕರಿಯಿಂದ ನೇರವಾಗಿ, ಮುಂಗೈಗೆ ಹಿಟ್ಟು ಮೆತ್ತಿಕೊಂಡೇ.

ಮೇಸ್ತ್ರಿ ಆರಂಭಿಸಿದರು. “ನೋಡಮ್ಮ, ನಿನ್ನ ಮರ್ಯಾದೆಗೇ ಹೇಳ್ತಿದೀನಿ. ಸಾಕು. ನನ್ನ ಮಗಳು ಎತ್ಲಿ. ಮನೆತನದಲ್ಲೇ ಉಳಿಯುತ್ತೆ.”

“ನಿನ್ನ ಮಗಳಿಗೆ ಮೂರನೇ ಸ್ವರಕ್ಕೆ ಉಸಿರು ಹೋಗುತ್ತಣ್ಣ.”

“ನಿನಗೆ ಕೇಳಿಸಿದ್ದು ಯಾವಾಗ?”

“ಕೇಳಿಸ್ತಿದ್ದ ಕಾಲದಲ್ಲೇ ಹೋಗ್ತಿತ್ತು.”

ಒಬ್ಬ ಹಿರಿಯರು ನಕ್ಕರು. ಸಭಾಪಾಲಕರು ಪಕ್ಕದವರತ್ತ ಬಾಗಿ ಪಿಸುಗುಟ್ಟಿದರು. ಹೊರಗಿನಿಂದ ಬಂದವರಾದ್ದರಿಂದ ಬಾಯಿಗೆ ಕೈ ಅಡ್ಡ ಹಿಡಿಯುವ ರೂಢಿ ಅವರಿಗಿರಲಿಲ್ಲ.

ಅತ್ತೆ ಮೇಜಿನ ಆ ತುದಿಯಿಂದಲೇ ಹೇಳಿದರು, “ಕೀಬೋರ್ಡ್ ತರೋದು ಬೇಡ ಅಯ್ಯನವರೇ. ನನಗೆ ನೋವಾಗುತ್ತೆ ಅಂತ ಮೆತ್ತಗೆ ಹೇಳೋದೂ ಬೇಡ. ಜೋರಾಗೇ ಹೇಳಿ, ನನಗೆ ಎರಡೂ ಒಂದೇ.”

ಸಭಾಪಾಲಕರ ಮುಖ ಕೆಂಪಾಯಿತು. “ಕ್ಷಮಿಸಿ ಅತ್ತೆ. ಇನ್ನೊಂದ್ಸಲ ತಪ್ಪಾದ್ರೆ ಯಾರ ಮನೆಯವರಿಗೆ ನೋವಾಗುತ್ತೋ ಅನ್ನೋದು ನನ್ನ ಚಿಂತೆ.”

ಅವರ ಚಿಂತೆ ನ್ಯಾಯವಾದದ್ದೆಂದು ಅತ್ತೆ ಈಗಲೂ ಒಪ್ಪುತ್ತಾರೆ. ಅಂದು ಅದಕ್ಕೆ ಉತ್ತರ ಕೊಟ್ಟವಳು ಸೊಸೆ. ಅವಳು ಬೇರೆ ಊರಿನವಳು, ಬೇರೆ ಸಭೆಯಲ್ಲಿ ಬೆಳೆದವಳು; ಮದುವೆಯಾಗಿ ಬಂದ ಹೊಸತರಲ್ಲಿ ಇವಳಿಗೆ ದನಿಯೇ ಇಲ್ಲವೆಂದು ನೆರೆಯವರು ಆಡಿಕೊಂಡಿದ್ದರು. ಅತ್ತೆಗೂ ಸೊಸೆಗೂ ಅಡಿಗೆಮನೆಯ ಉಪ್ಪು ಖಾರದ ವಿಷಯ ಬಿಟ್ಟರೆ ಹೆಚ್ಚಿನ ಮಾತುಕತೆ ಇರಲಿಲ್ಲ.

“ಅತ್ತೆ ಸ್ವರ ತಪ್ಪಿಲ್ಲ, ಹಾಡೂ ಮರೆತಿಲ್ಲ,” ಎಂದಳು. “ಜನ ಕಾಣೋದಿಲ್ಲ, ಅಷ್ಟೇ. ಆ ದಿನ ಪುಸ್ತಕ ತೆಗೀತಾ ಸಂಖ್ಯೆ ಹೇಳ್ಕೋತಿದ್ದ ನಮ್ಮ ತುಟಿ ಕಂಡಿದ್ರೆ ಎತ್ತೋ ಮೊದ್ಲೇ ಅವರಿಗೆ ಗೊತ್ತಾಗ್ತಿತ್ತು. ಪೀಠದ ಕಡೆ ಬೆನ್ನು ಹಾಕಿ ನಿಲ್ಲಲಿ.”

“ಸಭೆಗೆ ಮುಖ ಮಾಡಿ ನಿಲ್ಲೋದು ಅಯ್ಯನವರು ಮಾತ್ರ,” ಎಂದರು ಮೇಸ್ತ್ರಿ. “ನನ್ನ ತಂಗೀಗೇನು ಪ್ರಸಂಗ ಮಾಡೋ ಆಸೆಯಾ?”

“ಪ್ರಸಂಗ ನೀನೇ ದಿನಾ ಮಾಡ್ತೀಯಲ್ಲ, ಬೇಕರಿ ಕಟ್ಟೆ ಮೇಲೆ ಕೂತ್ಕೊಂಡು,” ಎಂದರು ಅತ್ತೆ.

ಕೊನೆಗೆ ತೀರ್ಮಾನ ಕೊಟ್ಟವರು ಸಭಾಪಾಲಕರೇ. ಒಂದು ಭಾನುವಾರ ಹಾಗೆ ನಿಂತು ಎತ್ತಲಿ, ಆಮೇಲೆ ಹಿರಿಯರು ಅಂತಿಮವಾಗಿ ಹೇಳಲಿ. ಬಡಗಿಯ ಹೆಂಡತಿಯನ್ನು ವಿಚಾರಿಸಿದಾಗ ಅವರದೊಂದು ಷರತ್ತಿತ್ತು: ಆ ದಿನ ಎತ್ತಬೇಕಾದದ್ದು ಗಂಡನಿಗೆ ಸಲ್ಲದೆ ಉಳಿದ ಹಾಡು.

ಆ ಭಾನುವಾರ ಬೆಂಚುಗಳು ತುಂಬಿದ್ದವು. ಹಾಡುವುದಕ್ಕಿಂತ ನೋಡುವುದಕ್ಕೆ ಬಂದವರೇ ಹೆಚ್ಚು. ಗಂಟೆಯಣ್ಣ ಅಂಕಿಗಳನ್ನು ತೂಗುಹಾಕಿ, ಕೆಳಗಿಳಿದು ದೂರ ನಿಂತು ನೋಡಿ, ಮತ್ತೆ ಹತ್ತಿ ಮುಟ್ಟಿ ನೋಡಿದರು.

“ಸರಿಯಾಗಿದೆ ಇಳಿಯೋ ಮಾರಾಯಾ,” ಎಂದು ಯಾರೋ ಕೂಗಿದರು. “ಇವತ್ತು ಯಾರ ಮದುವೇನೂ ಇಲ್ಲ.”

ಸಭಾಪಾಲಕರು ಈ ಸಲ ತಲೆಯೆತ್ತಿ, ತುಟಿ ಬಿಡಿಸಿ ಸಂಖ್ಯೆ ಹೇಳಿದರು. ಅತ್ತೆ ಎದ್ದರು. ಓಣಿಗೆ ಒಂದು ಹೆಜ್ಜೆ ಬಂದು, ಸಭೆಯತ್ತ ತಿರುಗಿದರು. ಸೀರೆಯ ಸೆರಗನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದರು. ‘ಕೆಲಸ ಮುಗಿಯಿತು, ಉಪಕರಣ ಕೆಳಗಿಡು’ ಎಂಬುದು ಆ ಹಾಡಿನ ಮೊದಲ ಸಾಲು. ಎತ್ತಿದರು.

ಎರಡನೆಯ ಸಾಲಿಗೆ ಬಾಯಿಗಳು ತೆರೆದವು. ಮೂವತ್ತು ವರ್ಷ ಅವರ ಬೆನ್ನ ಹಿಂದೆಯೇ ಇದ್ದ ಸಭೆ ಈಗ ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ಬಡಗಿಯ ಹೆಂಡತಿ ಕಣ್ಣು ಮಿಟುಕಿಸದೆ ಅತ್ತೆಯನ್ನೇ ನೋಡುತ್ತಾ ಪ್ರತಿ ಅಕ್ಷರವನ್ನೂ ಹಾಡುತ್ತಿದ್ದರು. ಅವರ ಬಾಯಿಯನ್ನೇ ಹಿಡಿದುಕೊಂಡು ಅತ್ತೆ ಮೊದಲ ಚರಣ ದಾಟಿದರು. ಧೈರ್ಯ ಬಂದ ಮೇಲೆ ಉಳಿದ ಬೆಂಚುಗಳತ್ತ ಕಣ್ಣು ಹಾಯಿಸಿದರು. ಆಗ ಕಂಡದ್ದನ್ನು ಅವರು ಇಂದಿಗೂ ಒಂದನ್ನೂ ಬಿಡದೆ ಹೇಳುತ್ತಾರೆ.

“ಅರ್ಧ ಜನ ಹಾಡ್ತಾನೇ ಇರ್ಲಿಲ್ಲ! ಒಬ್ಬರು ಬಾಯಿ ಮುಚ್ಕೊಂಡು ನಿಂತಿದ್ರು. ಒಬ್ಬರು ಪಕ್ಕದವಳಿಗೆ ಗ್ಯಾಸ್ ಸಿಲಿಂಡರ್ ಬಂತಾ ಅಂತ ಕೇಳ್ತಿದ್ರು, ಸ್ಪಷ್ಟವಾಗಿ ಓದ್ದೆ. ನಮ್ಮಣ್ಣನ ಮಗಳು ತುಟಿ ಆಡಿಸ್ತಾ ಇದ್ಳು, ಎಲ್ರಿಗಿಂತ ಒಂದು ಪದ ಹಿಂದೆ. ನಮ್ಮಣ್ಣ, ಹಿರಿಯ, ಮೊದಲ ಚರಣ ಆದ್ಮೇಲೆ ಬರೀ ‘ಬಾ ಬಾ ಬಾ’ ಅಂತ ಇದ್ದ. ಇಷ್ಟು ವರ್ಷ ಇವರನ್ನೆಲ್ಲ ನಾನು ಹೊತ್ಕೊಂಡು ಹೋಗಿದೀನಾ ಅನ್ನಿಸ್ತು.”

ನಾಲ್ಕನೆಯ ಚರಣದಲ್ಲಿ ಅವರ ನೋಟ ಕೊನೆಯ ಬೆಂಚಿನವರೆಗೂ ಹೋಯಿತು. ಅಲ್ಲಿ ಸೊಸೆ ನಿಂತಿದ್ದಳು. ಅವಳ ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದರೂ ಅವಳು ತಾಯಂದಿರ ಬೆಂಚನ್ನು ಬಿಟ್ಟಿರಲಿಲ್ಲ. ಪುಸ್ತಕ ಮುಚ್ಚಿತ್ತು. ಬಾಯಿ ಪೂರ್ತಿ ತೆರೆದಿತ್ತು, ಭುಜ ಏರುತ್ತಿರಲಿಲ್ಲ, ಉಸಿರು ಹೊಟ್ಟೆಯಿಂದ ಬರುತ್ತಿತ್ತು. ಸುತ್ತಲಿನ ಮೂರು ಬೆಂಚಿನವರು ತಮಗರಿವಿಲ್ಲದೆಯೇ ಅವಳ ಬಾಯಿಯ ಹಿಂದೆ ಹೋಗುತ್ತಿದ್ದರು. ಸಭೆಯ ಮುಂದಿನ ಅರ್ಧವನ್ನು ಅತ್ತೆ ನಡೆಸುತ್ತಿದ್ದರೆ, ಹಿಂದಿನ ಅರ್ಧವನ್ನು ನಡೆಸುತ್ತಿದ್ದವಳು ಅವಳು.

ಹಾಡು ಮುಗಿಯಿತು. ಬಡಗಿಯ ಹೆಂಡತಿ ತಲೆಯಾಡಿಸಿ ಕೂತರು.

ಆರಾಧನೆಯ ನಂತರ ಬಾಗಿಲ ಮೆಟ್ಟಿಲ ಮೇಲೆ ಹಿರಿಯರು ಒಟ್ಟಾದರು. ಮೇಸ್ತ್ರಿಯೇ ಮೊದಲು ಬಂದು, ತಂಗಿಯ ಎದುರು ನಿಂತು, “ಆಯ್ತಮ್ಮ. ನೀನೇ ಎತ್ತು. ತಿರುಗಿಯೇ ನಿಲ್ಲು. ನಮ್ಮದೇನೂ ತಕರಾರಿಲ್ಲ,” ಎಂದರು.

ಜಾಗ ಉಳಿಯಿತು. ಅದಕ್ಕಾಗಿಯೇ ಅತ್ತೆ ವರ್ಷಗಟ್ಟಲೆ ಗುಟ್ಟು ಕಾಪಾಡಿದ್ದರು. ಮನೆಗೆ ಬಂದು, ಸೀರೆ ಬದಲಿಸದೆ, ಬೇಕರಿಯ ಹಿಂದಿನ ಕೋಣೆಗೆ ಹೋದರು. ಸೊಸೆ ಹಿಟ್ಟು ಕಲಸುವ ಯಂತ್ರವನ್ನು ತೊಳೆಯುತ್ತಿದ್ದಳು.

“ನಿನಗೆ ಹಾಡೋಕೆ ಬರುತ್ತೆ ಅಂತ ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ವಲ್ಲ ಅತ್ತೆ.”

“ಕಿವಿ ಇದ್ದಾಗ?”

“ಆಗ್ಲೂ ಹಿಂದಿನ ಬೆಂಚಲ್ಲೇ ಇದ್ದೆ. ನಿಮ್ಮ ಬೆನ್ನು ನೋಡ್ಕೊಂಡು ಹಾಡ್ತಿದ್ದೆ. ನಿಮ್ಮ ಭುಜ ಯಾವಾಗ ಇಳಿಯುತ್ತೆ ನೋಡಿ ಉಸಿರು ತಗೋತಿದ್ದೆ.”

ಅತ್ತೆ ಹಿಟ್ಟಿನ ಚೀಲದ ಮೇಲೆ ಕೂತರು. ಯಂತ್ರದತ್ತ ಕೈ ತೋರಿಸಿದರು. “ಅದನ್ನ ಶುರು ಮಾಡು.”

“ಈಗ ತಾನೇ ತೊಳೆದಿದೀನಿ.”

“ಮತ್ತೆ ತೊಳಿ. ಶುರು ಮಾಡು. ಅದರ ಸದ್ದಲ್ಲಿ ನಿನ್ನ ದನಿ ನಿನಗೆ ಕೇಳಿಸ್ಬಾರ್ದು. ಎತ್ತು.”

ಖಾಲಿ ಯಂತ್ರ ಗಡಗಡನೆ ತಿರುಗಿತು. ಒಬ್ಬರಿಗೆ ಕಿವಿಯಿಲ್ಲ, ಇನ್ನೊಬ್ಬಳಿಗೆ ಸದ್ದಿನಲ್ಲಿ ಕೇಳಿಸುವುದಿಲ್ಲ. ಪಾಠ ಹೀಗೆ ನಡೆಯಿತೆಂದು ಬೇಕರಿಗೆ ಬಂದ ಗಿರಾಕಿಗಳು ತಮಾಷೆ ಮಾಡುತ್ತಾರೆ. ಅತ್ತೆ ಸೊಸೆಯ ಗಂಟಲ ಮೇಲೆ ಎರಡು ಬೆರಳಿಟ್ಟು, ಎದೆಗೂಡಿನ ಮೇಲೆ ಅಂಗೈಯಿಟ್ಟು ಸ್ವರ ಹಿಡಿದರು. ತಪ್ಪಿದಾಗ ಬೆರಳಿನಿಂದ ತಟ್ಟಿದರು. ಸುಮಾರು ಒಂದು ವರ್ಷ ಹೀಗೆ ನಡೆಯಿತು. ಆ ವರ್ಷವೆಲ್ಲ ಚರ್ಚಿನಲ್ಲಿ ಎತ್ತಿದವರು ಅತ್ತೆಯೇ, ಸಭೆಗೆ ಮುಖ ಮಾಡಿ. ಆಮೇಲೊಂದು ಭಾನುವಾರ ಅವರು ಎದ್ದು ನಿಂತು, ಬಾಯಿ ತೆರೆಯದೆ, ಕೊನೆಯ ಬೆಂಚಿನತ್ತ ಕೈ ಚಾಚಿದರು. ಸೊಸೆ ಓಣಿಯುದ್ದಕ್ಕೂ ನಡೆದು ಮುಂದೆ ಬಂದಳು.

ಕಿವಿ ಹೋಯಿತೆಂದು ಜಾಗ ಬಿಟ್ಟಿರಾ ಎಂದು ಕೇಳಿದಾಗ ಅವರು ತಲೆಯಲ್ಲಾಡಿಸಿದರು. “ಕಿವಿ ಹೋಯ್ತು ಅಂತ ಅವರು ಕಿತ್ಕೊಂಡಿದ್ರೆ ನಾನು ಸಾಯೋವರೆಗೂ ಕೊರಗ್ತಿದ್ದೆ. ಕಿತ್ಕೊಳ್ಲಿಲ್ಲ. ನನ್ನ ಕೈಲೇ ಇತ್ತು. ಕೈಲಿದ್ದದ್ದನ್ನ ತಾನೇ ಕೊಡೋಕಾಗೋದು?”

ಈಗ ಸೊಸೆ ಹಳೆಯ ಪದ್ಧತಿಯಂತೆ ಪ್ರಸಂಗಪೀಠಕ್ಕೆ ಮುಖ ಮಾಡಿಯೇ ಎತ್ತುತ್ತಾಳೆ. ಅತ್ತೆ ಮೊದಲ ಬೆಂಚಿನ ಅದೇ ತುದಿಯಲ್ಲಿ ಕೂರುತ್ತಾರೆ. ಅವರು ಹಿರಿಯರನ್ನು ಕೇಳಿದ ಅನುಕೂಲ ಒಂದೇ: ಹಾಡಿನ ಹೊತ್ತಿಗೆ ಮಾತ್ರ ಹಿಂದಕ್ಕೆ ತಿರುಗಿ ನಿಲ್ಲಲು ಅನುಮತಿ. ಅದನ್ನು ಕೊಟ್ಟಿದ್ದಾರೆ. ಅಂದಿನಿಂದ ಸಭೆಯ ದನಿ ಹೆಚ್ಚಿದೆಯೆಂದು ಸಭಾಪಾಲಕರು ಹೇಳುತ್ತಾರೆ. ಗ್ಯಾಸ್ ಸಿಲಿಂಡರಿನ ವಿಚಾರಣೆಯೂ ಮೆಟ್ಟಿಲಿಗೆ ವರ್ಗವಾಗಿದೆ. ಅತ್ತೆ ಒಂದೊಂದೇ ಬೆಂಚನ್ನು ನೋಡುತ್ತಾ ಹೋಗುತ್ತಾರೆ, ನೇಯ್ದ ಬಟ್ಟೆಯಲ್ಲಿ ಬಿಟ್ಟುಹೋದ ಎಳೆ ಹುಡುಕುವವರಂತೆ.

ನಾನು ಹೊರಟ ಭಾನುವಾರ, ಮೆಟ್ಟಿಲ ಮೇಲೆ ಮೇಸ್ತ್ರಿ ತಂಗಿಯನ್ನು ದಾಟಿಕೊಂಡು ಬೇಗಬೇಗ ಇಳಿಯುತ್ತಿದ್ದರು. ಅತ್ತೆ ತೋಳು ಹಿಡಿದು ನಿಲ್ಲಿಸಿದರು.

“ಅಣ್ಣ, ಎರಡನೇ ಚರಣ ಇನ್ನೂ ಬಂದಿಲ್ಲ ನಿನಗೆ.”

ಮೇಸ್ತ್ರಿ ಬಾಯಿಗೆ ಕೈ ಅಡ್ಡ ಹಿಡಿದು ಏನೋ ಉತ್ತರ ಕೊಟ್ಟರು.